ಎರಡನೆಯ ಡಬ್ಬಿಯ ಕಹಿ

ಅಡಿಲೇಡ್
12 ಫೆಬ್ರವರಿ 2024

ರಮಾಕಾಂತ ಭಾವನವರಿಗೆ,

ಕಾಗದದಲ್ಲಿ ಬರೆಯುತ್ತಿರುವುದು ಪ್ರೀತಿ ಉಕ್ಕಿ ಅಲ್ಲ. ವಾಟ್ಸ್ಯಾಪ್‌ನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀರಿ. ಯೂನಿವರ್ಸಿಟಿಯ ಇಮೇಲ್‌ನಲ್ಲಿ ಬರೆದರೆ ಎಥಿಕ್ಸ್ ಕಮಿಟಿಯವರು ಒಂದೊಂದು ಸಾಲನ್ನೂ ಓದುತ್ತಾರೆ, ಕೊನೆಯಲ್ಲಿ ‘ಕೈಂಡ್ ರಿಗಾರ್ಡ್ಸ್’ ಬೇರೆ ಹಾಕಬೇಕು. ಕನ್ನಡದಲ್ಲಿ ಆ ಕಷ್ಟವಿಲ್ಲ. ಕಾಗದ ನಿಮ್ಮ ಊಟದ ಟೇಬಲ್ ಮೇಲೆ ಬಿದ್ದಿದ್ದರೂ ತೊಂದರೆಯಿಲ್ಲ; ನಿಮ್ಮ ಮಗಳು ಪ್ರಣತಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅಕ್ಕ ಓದಿದರೆ ಓದಲಿ.

ಕ್ರಿಸ್‌ಮಸ್ ದಿನ ನಿಮ್ಮ ಮನೆಯ ಬಾರ್ಬೆಕ್ಯೂ ಊಟದಲ್ಲಿ ಹತ್ತು ಜನರೆದುರು ನೀವು ಆಡಿದ ಮಾತು ನಾನು ಮರೆತಿಲ್ಲ. “ಇವ್ಳು ನಮ್ಮ ನಾದಿನಿ, ನೋವಿನ ಮಾತ್ರೆ ಬರ್ಕೊಡೋ ಗುಮಾಸ್ತೆ.” ಇಪ್ಪತ್ತು ವರ್ಷದಿಂದ ಮಂಡಿ, ಸೊಂಟ, ಬೆರಳ ಗಂಟು ಹಿಡಿದು ನೋಡುತ್ತಿರುವ ಡಾಕ್ಟರ್ ನಾನು. ನೀವು ಇಲಿಯ ಪಾದದ ಊತ ಅಳೆಯುವವರು. ನನ್ನ ರೋಗಿಗಳಿಲ್ಲದೆ ನಿಮ್ಮ ಆಫ್ರಿಕಾದ ಬೇರು ಪ್ರಯೋಗಶಾಲೆಯ ಬಾಗಿಲು ದಾಟುತ್ತಿರಲಿಲ್ಲ.

ಈಗ ಕೆಲಸದ ವಿಷಯ. ಏರ್ಪಾಡು ನಿಮ್ಮದೇ: ಬ್ರಿಸ್ಬೇನ್‌ನಲ್ಲಿ ನೀವು ಪುಡಿ ಮಾಡಿ ಎ, ಬಿ ಎಂದು ಎರಡು ಡಬ್ಬಿ ಕಳಿಸುವುದು, ಪರ್ತ್‌ನಲ್ಲಿ ಫಾರ್ಮಸಿಸ್ಟ್ ನಾಲೇದಿ ಪೊಟ್ಟಣ ಕಟ್ಟಿ ನಂಬರ್ ಹಾಕುವುದು, ಇಲ್ಲಿ ನಾನು ಮಂಡಿನೋವಿನವರಿಗೆ ಕೊಡುವುದು. ಯಾರಿಗೆ ಯಾವುದು ಎಂಬ ಪಟ್ಟಿ ನಾಲೇದಿಯ ಬೀರುವಿನಲ್ಲಿ. ಸರಿ. ಆದರೆ ನೀವು ಬಿ ಡಬ್ಬಿ ಕಳಿಸುವುದು ಹನ್ನೊಂದು ದಿನ ತಡವಾಯಿತು ಎಂದು ನಾಲೇದಿ ಹೇಳಿದಳು. ನಲವತ್ನಾಲ್ಕು ಜನರನ್ನು ಕಾಯಿಸಿದ್ದೇನೆ. ಒಂದು ಕ್ಷಮೆ ಇಲ್ಲ, ಒಂದು ಕಾರಣ ಇಲ್ಲ. ಏನು ನಡೆಯಿತು?

ಇನ್ನೊಂದು. ಇಲ್ಲೇ ಸ್ಯಾಲಿಸ್‌ಬರಿಯಲ್ಲಿ ಮಗನ ಮನೆಯಲ್ಲಿರುವ ಶಿವಮ್ಮ ಎಂಬ ಅಜ್ಜಿ ನಮ್ಮ ಪ್ರಯೋಗಕ್ಕೆ ಸೇರಿದ್ದಾರೆ, ನಂಜನಗೂಡಿನ ಕಡೆಯವರು. “ಅಜ್ಜಿ, ಎರಡು ಥರ ಪೊಟ್ಟಣ ಇದೆ. ಒಂದರಲ್ಲಿ ಕಲಹಾರಿ ಮರಳುಗಾಡಿನ ಬೇರು, ಸೆಂಗಪರಿಲೆ ಅಂತ. ಇನ್ನೊಂದರಲ್ಲಿ ಏನೂ ಇಲ್ಲದ ಪುಡಿ. ನಿಮಗೆ ಯಾವ್ದು ಬಂದಿದೆ ಅಂತ ನಂಗೂ ಗೊತ್ತಿಲ್ಲ” ಎಂದು ಬಿಡಿಸಿ ಹೇಳಿದ್ದೆ. ವಾರ ಕಳೆದು ಬಂದು ಏನಂದರು ಗೊತ್ತೇ? “ಇದು ನಮ್ಮವ್ವ ಕಾಯಿಸ್ಕೊಡ್ತಿದ್ದ ಕಸಾಯ ಕಣವ್ವ. ಅಷ್ಟೂ ಗೊತ್ತಾಗಕಿಲ್ವಾ ನಂಗೆ?” ನಕ್ಕುಬಿಟ್ಟೆ. ಕಹಿ ಎಲ್ಲಾ ಒಂದೇ ಥರ ಇರತ್ತೆ ಅಜ್ಜಿ, ಕುಡೀರಿ ಅಂದೆ. ನೋಡಿ ಭಾವ, ನಿಮ್ಮ ಬೇರು ಒಂದೇ ವಾರದಲ್ಲಿ ನಂಜನಗೂಡಿನ ಸೊಸೆಯಾಗಿಬಿಟ್ಟಿದೆ.

ತಡ ಯಾಕಾಯಿತು ಎನ್ನುವುದಕ್ಕೆ ಉತ್ತರ ಬೇಕು.

ಇಂದುಮತಿ


ಬ್ರಿಸ್ಬೇನ್
21 ಫೆಬ್ರವರಿ 2024

ಇಂದು,

ನಿನ್ನ ಕಾಗದ ತಲುಪಿತು. ಮೂರು ಪುಟದ ಬೈಗುಳದಲ್ಲಿ ಕೆಲಸದ ಮಾತು ಅರ್ಧ ಪುಟ. ಪರವಾಗಿಲ್ಲ, ನಿನ್ನ ಲೆಕ್ಕಕ್ಕೆ ಅದೇ ಹೆಚ್ಚು.

ಬಿ ಡಬ್ಬಿ ತಡವಾಗಲು ತಾಂತ್ರಿಕ ಕಾರಣವಿತ್ತು. ಮೊದಲು ಅಕ್ಕಿಹಿಟ್ಟಿಗೆ ಕಹಿ ಬೆರೆಸಿ ಹುಸಿ ಪುಡಿ ತಯಾರಿಸಿದ್ದೆವು. ಕುದಿಸಿದರೆ ಗಂಜಿಯಾಗುತ್ತಿತ್ತು. ಬೇರಿನ ಕಷಾಯ ನೀರಾಗಿದ್ದು ಇದು ಮಂದವಾಗಿದ್ದರೆ ಕುರುಡನಿಗೂ ತಿಳಿಯುತ್ತದೆ. ಅದನ್ನು ಬದಲಾಯಿಸಿದೆವು. ಈಗಿನದು ಬಣ್ಣದಲ್ಲಿ, ಕಹಿಯಲ್ಲಿ ಸರಿಯಾಗಿ ಹೊಂದುತ್ತದೆ. ಕಮಿಟಿಯ ಅರ್ಜಿಯಲ್ಲಿ ‘ಔಷಧ ಗುಣವಿಲ್ಲದ ಕಹಿ ಸಸ್ಯಪುಡಿ’ ಎಂದಿದೆ, ನೀನೂ ಸಹಿ ಹಾಕಿದ್ದೀಯ. ಇದಕ್ಕಿಂತ ಹೆಚ್ಚಿನ ವಿವರ ಪ್ರಯೋಗ ಮುಗಿಯುವವರೆಗೆ ನಿನಗೆ ಬೇಡ.

ರೋಗಿಗಳು ರುಚಿಯ ಬಗ್ಗೆ ಮಾತಾಡುವುದಕ್ಕೆ ಅವಕಾಶ ಕೊಡಬೇಡ. ಆ ಅಜ್ಜಿಯ ಮಾತನ್ನು ಫೈಲಿನಲ್ಲಿ ಬರೆಯಲೂ ಬೇಡ. ಬರೆದರೆ ಕಮಿಟಿಯವರು ನೂರೆಂಟು ಪ್ರಶ್ನೆ ಹಿಡಿದು ಬರುತ್ತಾರೆ. ಎಪ್ಪತ್ತು ದಾಟಿದವರ ನಾಲಿಗೆಯನ್ನು ನಂಬಿ ವಿಜ್ಞಾನ ಮಾಡಲಾಗದು.

ನಿನ್ನ ಕಡೆ ಏನಾಗುತ್ತಿದೆ ಎನ್ನುವುದು ನನಗೂ ಗೊತ್ತಿದೆ. ನೋವು ತಡೆಯಲಾಗದವರಿಗೆ ಪ್ಯಾನಡಾಲ್ ಕೊಡುತ್ತಿದ್ದೀಯಂತೆ. ಕೊಟ್ಟ ಪ್ರತಿಯೊಂದು ಮಾತ್ರೆಯನ್ನೂ ಬರೆದಿಡು. ಮಂಡಿ ಹಿಡಿದು ಸಮಾಧಾನ ಹೇಳುವುದು, ಚಹಾ ಕೊಡುವುದು, ಕಥೆ ಕೇಳುವುದು ಇವನ್ನೆಲ್ಲ ನಿಲ್ಲಿಸು. ನಿನ್ನ ಕ್ಲಿನಿಕ್ ನೆಂಟರ ಮನೆಯಲ್ಲ.

ನಿನ್ನ ಅಕ್ಕ ಸರಸ್ವತಿ ಚೆನ್ನಾಗಿದ್ದಾಳೆ. ಕಾಗದ ಅವಳಿಗೆ ತೋರಿಸಲಿಲ್ಲ.

ರಮಾಕಾಂತ


ಅಡಿಲೇಡ್
6 ಮೇ 2024

ಭಾವನವರಿಗೆ,

ಎಂಟು ವಾರ ಮುಗಿಯಿತು. ಅಂಕಿಗಳನ್ನು ನಿಯಮದಂತೆ ಕಳಿಸಿದ್ದೇನೆ. ಉಳಿದ ಪೊಟ್ಟಣಗಳು ನಾಲೇದಿಗೆ ಹೋದವು. ಪ್ಯಾನಡಾಲ್ ಪಟ್ಟಿಯೂ ಇದೆ, ನೋಡಿಕೊಳ್ಳಿ. ಕೊನೆಯ ಮೂರು ವಾರ ಕೇಳಿದವರು ಇಬ್ಬರೇ.

ಅಂಕಿಯಲ್ಲಿ ಕಾಣದ್ದನ್ನು ಇಲ್ಲಿ ಬರೆಯುತ್ತೇನೆ. ಜನ ಸುಧಾರಿಸಿದ್ದಾರೆ ಭಾವ. ಗೋಡೆ ಹಿಡಿದು ಬರುತ್ತಿದ್ದವರು ಕೈ ಬಿಟ್ಟು ಬರುತ್ತಿದ್ದಾರೆ. ಶಿವಮ್ಮಜ್ಜಿ ಮೊನ್ನೆ ನನ್ನೆದುರಿಗೆ ನೆಲದ ಮೇಲೆ ಕೂತು ಎದ್ದು ತೋರಿಸಿದರು. ನಿಮ್ಮ ಮೇಲಿನ ಸಿಟ್ಟು ಇದ್ದ ಹಾಗೇ ಇದೆ, ಆದರೆ ಬೇರಿನ ಬಗ್ಗೆ ನೀವು ಹೇಳಿದ್ದು ನಿಜವಿರಬೇಕು ಅನ್ನಿಸುತ್ತಿದೆ. ಕಲಹಾರಿಯಲ್ಲಿರುವ ನಾಲೇದಿಯ ತಾಯಿಗೂ ಅವರ ಜೊತೆ ಬೇರು ಅಗೆಯುವ ಹೆಂಗಸರಿಗೂ ಒಳ್ಳೆಯ ಸುದ್ದಿ ಹೇಳಬಹುದು.

ಅಕ್ಕ ಫೋನ್ ಎತ್ತುತ್ತಿಲ್ಲ. ನೀವು ಏನು ಹೇಳಿದ್ದೀರೋ ಗೊತ್ತಿಲ್ಲ.

ಇಂದುಮತಿ


ಬ್ರಿಸ್ಬೇನ್
15 ಜುಲೈ 2024

ಇಂದು,

ಯಾರಿಗೆ ಯಾವುದು ಎಂಬ ನಾಲೇದಿಯ ಪಟ್ಟಿ ತೆರೆದಾಯಿತು. ಬೇರು ಕುಡಿದ ಇಪ್ಪತ್ತೆರಡು ಜನರ ನೋವು ಹತ್ತಕ್ಕೆ ಆರೂವರೆ ಇದ್ದದ್ದು ನಾಲ್ಕಕ್ಕೆ ಇಳಿದಿದೆ. ಹುಸಿ ಪುಡಿ ಕುಡಿದ ಇಪ್ಪತ್ತೆರಡು ಜನರದ್ದು ಆರೂವರೆಯಿಂದ ನಾಲ್ಕೂಕಾಲಿಗೆ. ವ್ಯತ್ಯಾಸವಿಲ್ಲ. ಸೆಂಗಪರಿಲೆ ಕೆಲಸ ಮಾಡುವುದಿಲ್ಲ.

ನಿನಗೆ ನಿರಾಸೆಯಾಗಿರಬೇಕು. ಜನ ಸುಧಾರಿಸಿದ್ದಾರೆ ಎಂದು ಕುಣಿಯುತ್ತಿದ್ದೆ. ಸುಧಾರಿಸಿದ್ದು ನಿನ್ನ ಉಪಚಾರದಿಂದ. ಮೊದಲೇ ಎಚ್ಚರಿಸಿದ್ದೆ, ನೀನು ಕೇಳಲಿಲ್ಲ. ಮಗಳ ಹಾಗೆ ಕೈ ಹಿಡಿದು ಕೂತರೆ ಸುಣ್ಣದ ನೀರು ಕುಡಿದರೂ ಅವರಿಗೆ ಗುಣವಾಗುತ್ತದೆ.

ಇನ್ನೊಂದು ಸಾಧ್ಯತೆಯಿದೆ, ಪ್ರಬಂಧದಲ್ಲಿ ಒಂದು ಸಾಲಿನಲ್ಲಿ ಸೂಚಿಸುತ್ತೇನೆ. ಆ ಗಿಡದ ಸುತ್ತ ಹರಡುವ ಪಕ್ಕದ ಗೆಡ್ಡೆಯಲ್ಲಿ ಸತ್ತ್ವವಿದೆ, ನಡುವಿನ ತಾಯಿಬೇರಿನಲ್ಲಿಲ್ಲ. ಅಗೆಯುವವರು ತೂಕ ಹೆಚ್ಚಿಸಲು ತಾಯಿಬೇರನ್ನೇ ಕತ್ತರಿಸಿ ಕಳಿಸಿರಬಹುದು. ಬಡವರು, ಮಾಡುತ್ತಾರೆ.

ಸೆಪ್ಟೆಂಬರ್‌ನಲ್ಲಿ ಪ್ರಬಂಧ ಪ್ರಕಟವಾಗುತ್ತದೆ. ಸಹಿ ಬೇಕು, ಕಾಗದ ಇದರೊಂದಿಗಿದೆ.

ರಮಾಕಾಂತ


ಅಡಿಲೇಡ್
22 ಜುಲೈ 2024

ಭಾವನವರಿಗೆ,

ಸಹಿ ಹಾಕುವುದಿಲ್ಲ. ನಿಮ್ಮ ಕಾಗದ ಖಾಲಿಯಾಗಿಯೇ ವಾಪಸ್ ಬರುತ್ತಿದೆ.

ನನ್ನ ಉಪಚಾರದಿಂದ ನೋವು ಕಡಿಮೆಯಾಯಿತು ಅಂತ ಒಪ್ಪಿಕೊಳ್ಳೋಣ. ಊತ? ಪ್ರತಿ ವಾರ ಟೇಪ್ ಹಿಡಿದು ಮಂಡಿಯ ಸುತ್ತಳತೆ ಅಳೆದಿದ್ದೇನೆ. ಎರಡೂ ಗುಂಪಿನಲ್ಲಿ ಊತ ಇಳಿದಿದೆ. ಮಂಡಿಯೊಳಗಿನ ನೀರಿಗೆ ನನ್ನ ಚಹಾ ಗೊತ್ತಾಗುತ್ತದೆಯೇ? ನೀವು ಇಲಿಗಳನ್ನು ಅಷ್ಟು ವರ್ಷ ಅಳೆದವರು, ಇದು ಕಣ್ಣಿಗೆ ಬೀಳಲಿಲ್ಲವೇ? ಏನೂ ಇಲ್ಲದ ಪುಡಿಗೆ ಊತ ಇಳಿಯುವುದನ್ನು ನಾನು ನೋಡಿಲ್ಲ.

ಅದಕ್ಕಿಂತ ದೊಡ್ಡ ಮಾತು. ಮೊದಲ ಸಭೆಯ ದಿನ ಪರ್ತ್ ಹತ್ತಿರದ ಸ್ವಾನ್ ವ್ಯಾಲಿಯಲ್ಲಿ ಊಟದ ಟೇಬಲ್ ಮುಂದೆ ನಿಂತು ನೀವು ನಾಲೇದಿಗೆ ಕೊಟ್ಟ ಮಾತೇನು? ಫಲಿತಾಂಶ ಏನೇ ಬರಲಿ, ಅಚ್ಚಾಗುವ ಮೊದಲು ಅಗೆಯುವ ಹೆಂಗಸರಿಗೆ ಫೋನ್ ಮಾಡಿ ಬಾಯಾರೆ ಹೇಳುತ್ತೇವೆ ಎಂದು. ಅವರು ಬೇರು ಕೊಟ್ಟದ್ದು ಆ ಒಂದು ಷರತ್ತಿನ ಮೇಲೆ. ನಿಮ್ಮ ಪ್ರಬಂಧ ಬಂದ ಮರುದಿನ ಕೊಳ್ಳುವ ಕಂಪನಿ ಕೈ ಎತ್ತುತ್ತದೆ. ಆ ಊರಿನಲ್ಲಿ ಅರವತ್ತು ಹೆಂಗಸರು ಆ ಬೇರಿನ ಮೇಲೆ ಮನೆ ನಡೆಸುತ್ತಿದ್ದಾರೆ. ಅವರಿಗೆ ಒಂದು ಮಾತಿಲ್ಲದೆ ‘ಬಡವರು, ಮಾಡುತ್ತಾರೆ’ ಎಂದು ಬರೆಯಲು ನಿಮಗೆ ಕೈ ಹೇಗೆ ಬಂತು?

ಆದರೂ ತಾಯಿಬೇರಿನ ಸಂಶಯ ನನ್ನ ತಲೆಯಲ್ಲೂ ಕೂತಿದೆ, ಸುಳ್ಳು ಹೇಳುವುದಿಲ್ಲ. ನೇರವಾಗಿ ಕೇಳಿಬಿಡುತ್ತೇನೆ. ಮುಂದಿನ ತಿಂಗಳು ಪರ್ತ್‌ಗೆ ಹೋಗುತ್ತಿದ್ದೇನೆ. ನೀವೂ ಬರಬಹುದಿತ್ತು. ಬರುವುದಿಲ್ಲ ಅಂತ ಗೊತ್ತು.

ಇಂದುಮತಿ


ಮೋರ್ಲಿ, ಪರ್ತ್
17 ಆಗಸ್ಟ್ 2024

ಭಾವ,

ನಾಲೇದಿಯ ಅಡುಗೆಮನೆಯ ಟೇಬಲ್ ಮೇಲೆ ಬರೆಯುತ್ತಿದ್ದೇನೆ.

ಮಧ್ಯಾಹ್ನ ಅವಳ ತಾಯಿಗೆ ಫೋನ್ ಮಾಡಿದೆವು. ಮ್ಮಾ ನಾಲೇದಿ ಎನ್ನುತ್ತಾರೆ, ಅಲ್ಲಿ ತಾಯಿಯನ್ನು ಮಗುವಿನ ಹೆಸರಿನಿಂದಲೇ ಕರೆಯುತ್ತಾರಂತೆ. ಸ್ಪೀಕರ್ ಹಾಕಿ ನಾಲೇದಿ ನಡುವೆ ಕೂತು ಅನುವಾದ ಮಾಡಿದಳು. ಫಲಿತಾಂಶ ಹೇಳಿದೆ. ಆಮೇಲೆ ನಿಮ್ಮ ಆ ಹೊಲಸು ಪ್ರಶ್ನೆಯನ್ನೂ ಕೇಳಿದೆ: ತಾಯಿಬೇರು ಕಳಿಸಿದಿರಾ? ನಾಲೇದಿ ಅನುವಾದ ಮಾಡುವ ಮೊದಲು ನನ್ನ ಮುಖ ನೋಡಿದಳು. ಆ ನೋಟ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಮ್ಮಾ ನಾಲೇದಿ ಹೇಳಿದರು: “ತಾಯಿಬೇರು ಅಗೆದ್ರೆ ಗಿಡ ಸಾಯತ್ತೆ. ಬರೋ ವರ್ಷ ನಾವು ಎಲ್ಲಿಗೆ ಹೋಗ್ಬೇಕು? ಪಕ್ಕದ ಗೆಡ್ಡೆ ತೆಗ್ದು ಗುಂಡಿ ಮುಚ್ಚಿ ಬರ್ತೀವಿ, ನಮ್ಮ ಅಜ್ಜಿ ಕಾಲದಿಂದ.” ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಬಿಡಲಿಲ್ಲ. “ನಮ್ಮ ಬೇರು ಕುಡಿದವರು ಸುಧಾರಿಸಿದ್ರು ಅಂತೀಯ. ಉಳಿದವರೂ ಸುಧಾರಿಸಿದ್ರು ಅಂತೀಯ. ಉಳಿದವರಿಗೆ ಏನು ಕುಡಿಸಿದ್ರಿ?” ಅಂದರು.

ಭಾವ, ಒಂದು ವರ್ಷದಿಂದ ಮೂರು ಊರಿನಲ್ಲಿ ಕೂತ ನಾವು ಮೂವರು ಓದಿದವರು ಕೇಳದ ಪ್ರಶ್ನೆ ಅದು. ಬರೀ ಕಹಿ ಪುಡಿ ಅಂದೆ. “ಕಹಿ ಅಂದ್ರೆ ಯಾವ ಗಿಡ?” ಅಂದರು. ನಾಲೇದಿಗೂ ಗೊತ್ತಿರಲಿಲ್ಲ. ನೀವು ಡಬ್ಬಿಯ ಮೇಲೆ ‘ಬಿ’ ಎಂದಷ್ಟೇ ಬರೆದಿದ್ದಿರಿ.

ಫೋನ್ ಇಟ್ಟ ಮೇಲೆ ನನಗೆ ಶಿವಮ್ಮಜ್ಜಿ ನೆನಪಾದರು. ನಾಲೇದಿ ಪಟ್ಟಿ ತೆಗೆದಳು. ಅಜ್ಜಿಯದು ಬಿ. ವಾಪಸ್ ಬಂದ ಪೊಟ್ಟಣಗಳಲ್ಲಿ ಅಜ್ಜಿಯ ನಂಬರಿನದು ಎರಡಿದ್ದವು. ಒಂದನ್ನು ಕುದಿಸಿ, ಸೋಸಿ, ಲೋಟಕ್ಕೆ ಹಾಕಿ ಕುಡಿದೆ. ಎಂಟು ವಾರ ನಲವತ್ನಾಲ್ಕು ಜನರಿಗೆ ಕುಡಿಸಿದವಳು ನಾನು, ನನ್ನ ನಾಲಿಗೆಗೆ ಅದು ತಾಗಿದ್ದು ಇವತ್ತೇ ಮೊದಲು.

ಒಂದೇ ಗುಟುಕು ಸಾಕಾಯಿತು. ಮೈಸೂರಿನ ಮನೆ, ತಿಂಗಳ ಮೊದಲ ಭಾನುವಾರ, ಖಾಲಿ ಹೊಟ್ಟೆ. ಅಕ್ಕ ನಾನು ಸಾಲಾಗಿ ನಿಲ್ಲಬೇಕು. ಅಮ್ಮನ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಬೆಲ್ಲದ ಚೂರು. ಪೂರ್ತಿ ಕುಡಿದರೆ ಮಾತ್ರ ಬೆಲ್ಲ. ಅಕ್ಕ ಮೂಗು ಹಿಡಿದು ಗಟಗಟ ಕುಡಿದುಬಿಡುತ್ತಿದ್ದಳು, ನಾನು ಅಳುತ್ತಿದ್ದೆ.

ಅಮೃತಬಳ್ಳಿ. ನೀವು ನನ್ನ ಅರ್ಧ ರೋಗಿಗಳಿಗೆ ಎಂಟು ವಾರ ಅಮೃತಬಳ್ಳಿ ಕುಡಿಸಿದ್ದೀರಿ. ಕೀಲುನೋವಿಗೆ, ಊತಕ್ಕೆ ನಮ್ಮ ಕಡೆಯವರು ತಲೆತಲಾಂತರದಿಂದ ಕುಡಿದದ್ದನ್ನು ಏನೂ ಇಲ್ಲದ ಪುಡಿ ಅಂತ ಎದುರಿಗಿಟ್ಟು, ಅದರ ಮುಂದೆ ಸೆಂಗಪರಿಲೆ ಸೋತಿತು ಅಂತ ಬರೆಯಲು ಹೊರಟಿದ್ದೀರಿ. ಸೋತಿಲ್ಲ ಭಾವ. ಯಾವುದರ ಜೊತೆ ಓಡಿಸಿದಿರಿ ಎನ್ನುವುದೇ ಯಾರಿಗೂ ಗೊತ್ತಿರಲಿಲ್ಲ.

ಫೆಬ್ರವರಿಯಲ್ಲೇ ಅಜ್ಜಿಯ ಮಾತು ಬರೆದು ಕಳಿಸಿದ್ದೆ. ಓದಿದಾಗಲೇ ನಿಮಗೆ ಗೊತ್ತಾಗಿತ್ತು. ಅದಕ್ಕೇ ಫೈಲಿನಲ್ಲಿ ಬರೆಯಬೇಡ ಅಂದಿರಿ. ಥೂ!

ಇಂದುಮತಿ


ಬ್ರಿಸ್ಬೇನ್
27 ಆಗಸ್ಟ್ 2024

ಡಾಕ್ಟರ್ ಇಂದುಮತಿಯವರಿಗೆ,

ನಿಮ್ಮ ಭಾಷೆಯನ್ನು ಗಮನಿಸಿದ್ದೇನೆ. ಇನ್ನು ಮುಂದೆ ನಮ್ಮ ನಡುವೆ ನೆಂಟಸ್ತಿಕೆಯ ಸಲಿಗೆ ಬೇಡ.

ಹೌದು, ಅಮೃತಬಳ್ಳಿ. ಗಂಜಿಯಾಗದ, ಬಣ್ಣ ಹೊಂದುವ, ಅಷ್ಟೇ ಕಹಿಯಿರುವ ಪುಡಿ ಎರಡು ದಿನದಲ್ಲಿ ಬೇಕಾಗಿತ್ತು. ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿತು. ಅದು ಔಷಧವೇ? ನಿಮ್ಮ ತಾಯಿ ಕಾಲು ನೋವೆಂದು ಕೊಟ್ಟರೇ, ಜ್ವರವೆಂದು ಕೊಟ್ಟರೇ? ಯಾವ ಕಾಯಿಲೆಯೂ ಇಲ್ಲದ ಮಕ್ಕಳಿಗೆ ತಿಂಗಳಿಗೊಮ್ಮೆ ಸುಮ್ಮನೆ ಕುಡಿಸುತ್ತಿದ್ದರು. ನಮ್ಮ ಮನೆಯಲ್ಲೂ ಅಷ್ಟೇ. ನಮ್ಮ ಕಡೆಯ ಪ್ರತಿ ಮನೆಯಲ್ಲೂ ಮಕ್ಕಳನ್ನು ಗೋಳಾಡಿಸಿದ ನೀರು ಅದು. ಅದರಿಂದ ನಿಮಗೆ ಏನಾಯಿತು, ನನಗೆ ಏನಾಯಿತು? ಏನೂ ಇಲ್ಲ. ಏನೂ ಆಗದ ಪದಾರ್ಥವೆಂದೇ ಆರಿಸಿದೆ. ಇದರಲ್ಲಿ ಮೋಸವಿಲ್ಲ.

ಅಜ್ಜಿಯ ಮಾತು ಓದಿದಾಗ ಅವರಿಗೆ ಯಾವ ಡಬ್ಬಿ ಹೋಗಿದೆ ಎಂದು ತಿಳಿದದ್ದು ನಿಜ. ಯಾರಿಗೆ ಯಾವುದೆಂದು ತಿಳಿಯದಂತೆ ನಡೆಸುವ ಕುರುಡು ಪ್ರಯೋಗದ ಗುಟ್ಟು ಕೆಡಬಾರದೆಂದು ಸುಮ್ಮನಿದ್ದೆ.

ಒಂದು ಮಾತು ತಣ್ಣಗೆ ಯೋಚಿಸಿ. ಈ ವಿಷಯ ಹೊರಗೆ ಹೋದರೆ ನಾನೊಬ್ಬನೇ ಮುಳುಗುವುದಿಲ್ಲ. ‘ಕಹಿ ಸಸ್ಯಪುಡಿ’ ಎಂಬ ಸಾಲಿನ ಕೆಳಗೆ ನಿಮ್ಮ ಸಹಿಯಿದೆ. ಯಾವ ಸಸ್ಯವೆಂದು ನೀವು ಕೇಳಲಿಲ್ಲ. ರೋಗಿಯೊಬ್ಬರು ಬಂದು ಗುರುತು ಹೇಳಿದಾಗ ನಕ್ಕಿರಿ, ಫೈಲಿನಲ್ಲಿ ಬರೆಯಲಿಲ್ಲ. ನಾನು ಬೇಡವೆಂದೆ, ನೀವು ವಿಧೇಯರಾಗಿ ಬಿಟ್ಟಿರಿ. ಡಾಕ್ಟರ್ ಲೈಸೆನ್ಸು ಇರುವುದು ನಿಮಗೆ, ನನಗಲ್ಲ. ಎಥಿಕ್ಸ್ ಕಮಿಟಿ ಮೊದಲು ಕರೆಯುವುದು ಯಾರನ್ನು?

ಪ್ರಬಂಧ ಸೆಪ್ಟೆಂಬರ್ ಇಪ್ಪತ್ತೇಳಕ್ಕೆ ಬರುತ್ತದೆ. ನಿಮ್ಮ ಹೆಸರು ಬೇಡವಾದರೆ ತೆಗೆಯುತ್ತೇನೆ.

ರಮಾಕಾಂತ


ಅಡಿಲೇಡ್
5 ಸೆಪ್ಟೆಂಬರ್ 2024

ರಮಾಕಾಂತ ಅವರಿಗೆ,

ನಿಮ್ಮ ಬೆದರಿಕೆ ತಲುಪುವ ಮೊದಲೇ ಕಮಿಟಿಗೆ ಬರೆದಾಗಿತ್ತು. ಪರ್ತ್‌ನಿಂದ ಬಂದ ದಿನವೇ ಬರೆದೆ. ನಿಮ್ಮ ತಪ್ಪನ್ನು ಒಂದು ಪುಟದಲ್ಲಿ, ನನ್ನ ತಪ್ಪನ್ನು ಇನ್ನೊಂದು ಪುಟದಲ್ಲಿ. ನೀವು ಪಟ್ಟಿ ಮಾಡಿದ ಮೂರೂ ಅದರಲ್ಲಿವೆ: ಕೇಳಲಿಲ್ಲ, ನಕ್ಕೆ, ಬರೆಯಲಿಲ್ಲ. ನಾಲ್ಕನೆಯದನ್ನೂ ಸೇರಿಸಿದ್ದೇನೆ, ರುಚಿ ನೋಡಲಿಲ್ಲ. ಲೈಸೆನ್ಸಿಗೆ ಏನಾಗುತ್ತದೋ ನೋಡೋಣ.

ಏನೂ ಆಗದ ಪದಾರ್ಥ ಅಂದಿರಲ್ಲ, ಅದನ್ನೇ ದಿನಕ್ಕೆರಡು ಸಲ ತಿಂಗಳುಗಟ್ಟಲೆ ಕುಡಿದ ಕೆಲವರಿಗೆ ಲಿವರ್ ಕೆಟ್ಟಿರುವ ವರದಿಗಳಿವೆ. ಬಿ ಗುಂಪಿನ ಇಪ್ಪತ್ತೆರಡು ಜನರನ್ನೂ ಒಬ್ಬೊಬ್ಬರಾಗಿ ಕರೆಸಿ ರಕ್ತ ಪರೀಕ್ಷೆ ಮಾಡಿಸಿದೆ. ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ. ಎಲ್ಲರದೂ ಸರಿಯಿದೆ. ಅವರ ಪುಣ್ಯ, ನಿಮ್ಮದಲ್ಲ.

ಶಿವಮ್ಮಜ್ಜಿಯ ಮನೆಗೆ ನಾನೇ ಹೋದೆ. ಕ್ಷಮಿಸಿ ಅಜ್ಜಿ, ನೀವು ಹೇಳಿದ್ದೇ ಸರಿ, ಅದು ಅಮೃತಬಳ್ಳಿ ಅಂದೆ. ಸೋಫಾ ಮೇಲೆ ಕಾಲು ಮಡಿಸಿ ಕೂತಿದ್ದರು, ಮಡಿಸಲು ಬರುತ್ತದೆ ಈಗ. “ಅಲ್ಲ ಕಣವ್ವ, ನಾನೇಳ್ದಾಗ ನಗಾಡ್ದಲ್ಲ ನೀನು? ಓದ್ದೋಳು ಅಂತ ನಾನೂ ಸುಮ್ಕಾದೆ” ಅಂದರು. ಬೈದಿದ್ದರೆ ಚೆನ್ನಾಗಿತ್ತು. ಕಾಫಿ ಕೊಟ್ಟು ಕಳಿಸಿದರು, ಮನೆಯಿಂದ ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತೆ.

ಪ್ರಬಂಧವನ್ನು ಹಿಂದೆಗೆಯಬೇಕಾದವರು ನೀವು. ಕಮಿಟಿ ಸಭೆ ಸೇರುವುದು ಅಕ್ಟೋಬರ್‌ನಲ್ಲಿ, ಅಷ್ಟರಲ್ಲಿ ಅಚ್ಚಾಗಿಹೋಗಿರುತ್ತದೆ. ಅಚ್ಚಾದ ಮೇಲೆ ತಿದ್ದುಪಡಿ ಹಾಕಿದರೆ ಕಂಪನಿಯವರು ಅದನ್ನು ಹುಡುಕಿಕೊಂಡು ಓದುತ್ತಾರೆಯೇ? ಉಳಿದವರು ಕುಡಿದದ್ದು ಏನು ಎಂಬ ಉತ್ತರಕ್ಕೆ ಮ್ಮಾ ನಾಲೇದಿ ಇನ್ನೂ ಕಾಯುತ್ತಿದ್ದಾರೆ. ನಾಲೇದಿ ಹೇಳಿಬಿಡಬಹುದಿತ್ತು, ಹೇಳಲಿಲ್ಲ. “ಹಿ ಪ್ರಾಮಿಸ್ಡ್. ಹಿ ಕ್ಯಾನ್ ರಿಂಗ್ ಹರ್” ಅಂದಳು ಅಷ್ಟೇ.

ಇನ್ನೊಂದು ವಿಷಯ ನನ್ನನ್ನು ಕೊರೆಯುತ್ತಿದೆ. ಎರಡು ದಿನದಲ್ಲಿ ಕಹಿ ಪುಡಿ ಬೇಕಾದಾಗ ನಿಮಗೆ ಅಮೃತಬಳ್ಳಿ ಹೊಳೆದದ್ದು ಹೇಗೆ? ನೀವು ಅದನ್ನು ಕುಡಿದು ಐವತ್ತು ವರ್ಷವಾಗಿರಬೇಕು. ಲ್ಯಾಬಿನಲ್ಲಿ ಅದಿರಲಿಲ್ಲ. ಹಾಗಾದರೆ ಅದರ ಬಣ್ಣ ಎಲ್ಲಿ ನೋಡಿದಿರಿ? ನಿಮ್ಮ ಮನೆಯಲ್ಲಿ ಯಾರೋ ಕುಡಿಯುತ್ತಿದ್ದಾರೆ. ನೀವಲ್ಲ, ಪ್ರಣತಿಯಂತೂ ಅಲ್ಲ.

ಅಕ್ಕನಿಗೂ ಒಂದು ಲಿವರ್ ಪರೀಕ್ಷೆ ಮಾಡಿಸಿ. ಯಾಕೆ ಕುಡಿಯುತ್ತಿದ್ದಾಳೆ ಎಂದೂ ಕೇಳಿ. ಈ ಕಾಗದವನ್ನಾದರೂ ಅವಳಿಗೆ ಓದಿ ಹೇಳಿ.

ಇಂದುಮತಿ


ಬ್ರಿಸ್ಬೇನ್
23 ಸೆಪ್ಟೆಂಬರ್ 2024

ಇಂದು,

ಪ್ರಬಂಧ ಹಿಂದೆಗೆದೆ. ನಿನ್ನ ಮಾತಿಗೆ ಹೆದರಿ ಅಲ್ಲ, ಅದು ಸ್ಪಷ್ಟವಿರಲಿ. ನಿನ್ನನ್ನು ಬ್ಲಾಕ್‌ನಿಂದ ತೆಗೆದಿಲ್ಲ, ತೆಗೆಯುವುದೂ ಇಲ್ಲ. ಕಮಿಟಿಗೆ ನೀನು ಬರೆದ ರೀತಿಯನ್ನು ನಾನು ಕ್ಷಮಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಏಕೆಂದರೆ ಸರಸ್ವತಿ ಎದುರಿಗೆ ಕೂತಿದ್ದಾಳೆ, ಬರೆಯದೆ ಏಳಲು ಬಿಡುತ್ತಿಲ್ಲ.

ನಿನ್ನ ಕಾಗದ ಓದಿ ಹೇಳಿದೆ. ಬೀನ್ಸ್ ಬಿಡಿಸುತ್ತ ಕೇಳಿದಳು. ಮುಗಿದ ಮೇಲೆ, “ಮೂರು ವರ್ಷದಿಂದ ದಿನಾ ಬೆಳಿಗ್ಗೆ ನಿಮ್ಮ ಎದುರಿಗೇ ನಿಂತ್ಕೊಂಡು ಕುಡೀತಿದ್ದೀನಿ. ಯಾಕೆ ಕುಡೀತೀಯ ಅಂತ ಒಂದ್ಸಲನಾದ್ರೂ ಕೇಳಿದ್ರಾ?” ಅಂದಳು. ಕಷಾಯ ತಾನೇ ಅಂದೆ. “ಮಹಡಿ ಹತ್ತಕ್ಕೆ ಆಗ್ತಿರ್ಲಿಲ್ಲ ನಂಗೆ. ಕೆಳಗಡೆ ಸೋಫಾ ಮೇಲೆ ಮಲಗ್ತಿದ್ದೆ ಆರು ತಿಂಗಳು. ಅದಾದ್ರೂ ನೆನಪಿದ್ಯಾ?” ಅಂದಳು.

ಸೋಫಾ ಮೇಲೆ ಮಲಗುತ್ತಿದ್ದದ್ದು ನೆನಪಿತ್ತು. ನನ್ನ ಗೊರಕೆಗೆ ಅಂದುಕೊಂಡಿದ್ದೆ. ಆಮೇಲೆ ಮೇಲಕ್ಕೆ ಬಂದಳು. ಯಾಕೆ ಬಂದಳು ಎಂದು ಕೇಳಿರಲಿಲ್ಲ. ನನ್ನ ಲ್ಯಾಬಿನ ಯಾವ ಇಲಿಯ ಪಾದ ಯಾವ ವಾರ ಎಷ್ಟು ಮಿಲಿಮೀಟರ್ ಇಳಿಯಿತು ಎಂದು ಈಗ ಕೇಳಿದರೂ ಹೇಳಬಲ್ಲೆ. ಹೆಂಡತಿಗೆ ಮಂಡಿನೋವಿತ್ತು ಎನ್ನುವುದು ಗೊತ್ತಿರಲಿಲ್ಲ.

ಬಣ್ಣ ನೋಡಿದ್ದು ಅವಳ ಡಬ್ಬಿಯಲ್ಲೇ. ಮೊದಲು ಹೊಂದಿಸಿ ನೋಡಲು ಅದನ್ನೇ ಲ್ಯಾಬಿಗೆ ಒಯ್ದು ಖಾಲಿ ಮಾಡಿದೆ, ಆಮೇಲೆ ಅಂಗಡಿಯಿಂದ ತರಿಸಿದೆ. ಡಬ್ಬಿ ಖಾಲಿ ಕಂಡು ಅವಳು ಪ್ರಣತಿಯನ್ನು ಗದರಿಸಿದ್ದಳು, ಏನೋ ಸ್ಮೂದಿಗೆ ಹಾಕಿ ಮುಗಿಸಿದ್ದಾಳೆ ಎಂದು. ನಾನು ಅಲ್ಲೇ ಪೇಪರ್ ಓದುತ್ತಾ ಸುಮ್ಮನಿದ್ದೆ. ಸರಸ್ವತಿಗೆ ರಕ್ತ ಪರೀಕ್ಷೆ ಮಾಡಿಸಿದೆವು, ಸರಿಯಿದೆ.

ನಿನ್ನೆ ಸ್ಪೀಕರ್ ಹಾಕಿ ಮ್ಮಾ ನಾಲೇದಿಗೆ ಫೋನ್ ಮಾಡಿದೆ, ಸರಸ್ವತಿ ಪಕ್ಕದಲ್ಲಿದ್ದಳು. ಪರ್ತ್‌ನಿಂದ ನಾಲೇದಿ ಸೇರಿಕೊಂಡಳು. ಅವರ ಬೇರು ಸೋತಿಲ್ಲ, ಪ್ರಬಂಧ ಬರುವುದಿಲ್ಲ, ಪ್ರಯೋಗ ಮತ್ತೆ ಮೊದಲಿನಿಂದ ಆಗಬೇಕು, ನಾನಿಲ್ಲದೆ ಎಂದು ಹೇಳಿದೆ. ತಾಯಿಬೇರಿನ ಮಾತಿಗೆ ಕ್ಷಮೆ ಕೇಳಿದೆ. ಅವರು ಒಪ್ಪಿಕೊಂಡೆ ಅನ್ನಲಿಲ್ಲ. ಅದೇ ಪ್ರಶ್ನೆ ಮತ್ತೆ ಕೇಳಿದರು, ಉಳಿದವರಿಗೆ ಏನು ಕುಡಿಸಿದ್ರಿ ಎಂದು.

ಅಮೃತಬಳ್ಳಿ ಅಂದರೆ ಅವರಿಗೆ ಏನು ತಿಳಿಯುತ್ತದೆ? “ನನ್ನ ಹೆಂಡತಿಯ ಔಷಧ” ಅಂದೆ.

ನಾಲೇದಿ ಅದನ್ನು ಅವರ ಭಾಷೆಗೆ ತಿರುಗಿಸಿದಳು. ಅಲ್ಲಿಂದ ಒಂದು ಸಣ್ಣ ಪ್ರಶ್ನೆ ಬಂತು. ನಾಲೇದಿ ಇಂಗ್ಲಿಷಿನಲ್ಲಿ ಹೇಳಿದಳು: ಅವಳನ್ನು ಕೇಳಿ ತಗೊಂಡ್ರಾ ಅಂತ ಅಮ್ಮ ಕೇಳ್ತಿದ್ದಾರೆ.

ಸರಸ್ವತಿ ನನ್ನ ಕೈಯಿಂದ ಫೋನ್ ತೆಗೆದುಕೊಂಡು, “ನೋ” ಅಂದಳು. ಆಮೇಲೆ ನಾಲೇದಿಯ ಮೂಲಕ ಇಬ್ಬರೂ ನಲವತ್ತು ನಿಮಿಷ ಮಾತಾಡಿದರು, ನಾನು ಹೊರಗೆ ಹೋಗಿ ನಿಂತೆ.

ರಮಾಕಾಂತ